ಆಟದ ಮುಂಬಯಿ, ಓಡಾಟದ ಮುಂಬಯಿ

ನ್ಯೂಜಿಲೆಂಡಿನ ಡೈನೋಸಾರ್ ಪೋಲೋ ಕ್ಲಬ್ ಎಂಬ ಸಂಸ್ಥೆ 2015ರಲ್ಲಿ ಹೊರತಂದ ‘ಮಿನಿ ಮೆಟ್ರೋ’ ಎಂಬ ಕಂಪ್ಯೂಟರ್ ಆಟವನ್ನು ಈಗ ಮಕ್ಕಳು ಮೊಬೈಲಿನಲ್ಲೂ ಆಡುತ್ತಾರೆ. ನಿಲ್ದಾಣದಿಂದ ನಿಲ್ದಾಣಕ್ಕೆ ಗೆರೆ ಎಳೆದು ರೈಲು ಓಡಿಸುವುದೇ ಆಟ. ಲಂಡನ್, ಪ್ಯಾರಿಸ್, ಒಸಾಕಾಗಳ ಸಾಲಿನಲ್ಲಿ ಮುಂಬಯಿಯೂ ಇದೆ. ನಮ್ಮ ಊರಿನ ಹೆಸರು ಕಂಡು ಹಿಗ್ಗುವುದು ಸಹಜ. ಆದರೆ ಹೆಸರಿಟ್ಟ ಮಾತ್ರಕ್ಕೆ ಅದು ಮುಂಬಯಿ ಆದೀತೆ?

ಮೊದಲು ಆಟದ ಗುಣವನ್ನು ಒಪ್ಪಿಕೊಳ್ಳೋಣ. ನಿಲ್ದಾಣಗಳು ವೃತ್ತ, ತ್ರಿಕೋಣ, ಚೌಕಗಳ ಆಕಾರದಲ್ಲಿವೆ, ಪ್ರಯಾಣಿಕರೂ ಹಾಗೆಯೇ. ಚೌಕದ ಪ್ರಯಾಣಿಕನನ್ನು ಚೌಕದ ನಿಲ್ದಾಣಕ್ಕೆ ಮುಟ್ಟಿಸಬೇಕು. ಒಂದೇ ಒಂದು ನಿಲ್ದಾಣದಲ್ಲಿ ಜನ ಮಿತಿಮೀರಿ ನಿಂತರೂ ಆಟ ಮುಗಿಯಿತು. ಎಂಜಿನ್ನುಗಳು ಎಣಿಕೆಯವು, ನೀರು ದಾಟುವ ಸುರಂಗಗಳೂ ಎಣಿಕೆಯವು. ಗೆರೆ ಎಳೆಯುವುದು ಸುಲಭ, ಇರುವ ರೈಲುಗಳನ್ನು ಹಂಚುವುದು ಕಷ್ಟ ಎಂಬ ಪಾಠ ಇಲ್ಲಿ ಚೆನ್ನಾಗಿ ಆಗುತ್ತದೆ.

ಊರಿನ ಆಯ್ಕೆಯಿಂದ ಆಟದಲ್ಲಿ ಮುಖ್ಯವಾಗಿ ಬದಲಾಗುವುದು ನೀರಿನ ಆಕಾರ. ಇದಕ್ಕೊಂದು ಹಿನ್ನೆಲೆಯಿದೆ. ಲಂಡನ್ನಿನ ಭೂಗತ ರೈಲಿಗಾಗಿ ಹ್ಯಾರಿ ಬೆಕ್ ಬರೆದು 1933ರಲ್ಲಿ ಪ್ರಕಟವಾದ ನಕ್ಷೆಯಲ್ಲಿ ನೇರ ಗೆರೆ, ಓರೆ ಗೆರೆಗಳ ನಡುವೆ ನೆಲದ ಗುರುತಾಗಿ ಉಳಿದದ್ದು ಥೇಮ್ಸ್ ನದಿ ಮಾತ್ರ. ಪ್ರಯಾಣಿಕನಿಗೆ ಅಷ್ಟು ಸಾಕು. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂದು ತಿಳಿದರೆ ಆಯಿತು. ಆಟದವರು ಈ ಮಾದರಿಯನ್ನೇ ತೆಗೆದುಕೊಂಡರು. ಪ್ರಯಾಣಿಕನ ನಕ್ಷೆಯನ್ನು ರೈಲುದಾರಿ ಕಟ್ಟುವವನ ಕೈಗೆ ಕೊಟ್ಟರು. ನಮ್ಮ ತಕರಾರು ಇರುವುದು ಇಲ್ಲೇ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿತು. ಮುಂದೆ ಕಚೇರಿಗಳು ದಕ್ಷಿಣದಲ್ಲಿ ತುಂಬಿದವು, ಮನೆಗಳು ಹಳಿಯ ಗುಂಟ ಉತ್ತರಕ್ಕೆ ಬೆಳೆದವು. ಬೆಳಿಗ್ಗೆ ಜನವೆಲ್ಲ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ. ಆಟದ ಮುಂಬಯಿಯಲ್ಲಾದರೋ ಪ್ರತಿ ಸಲವೂ ನಿಲ್ದಾಣಗಳು ಹೊಸ ಹೊಸ ಜಾಗದಲ್ಲಿ ಮೂಡುತ್ತವೆ. ಚೌಕದವನಿಗೆ ಯಾವ ಚೌಕವಾದರೂ ಸರಿ, ಇಳಿದೊಡನೆ ಮಾಯ. ಡೊಂಬಿವಲಿಯ ಗುಮಾಸ್ತನಿಗೆ ಯಾವುದೋ ಒಂದು ಕಚೇರಿ ಸಾಲದು. ತನ್ನದೇ ಕಚೇರಿ ಬೇಕು, ರಾತ್ರಿಗೆ ತನ್ನದೇ ಮನೆ ಬೇಕು.

ಇನ್ನೊಂದು ಮಾತು. ಆಟದ ಸಾಮಾನ್ಯ ಬಗೆಯಲ್ಲಿ ಎಳೆದ ಗೆರೆಯನ್ನು ಬೆರಳಿನಿಂದ ಅಳಿಸಿ ಬೇರೆಡೆ ಎಳೆಯಬಹುದು. ಆರೇಯಿಂದ ಕಫ್ ಪರೇಡಿನವರೆಗಿನ ಮೆಟ್ರೋ ದಾರಿ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆಯಿತು. ಅದರ ಡಿಪೋಗಾಗಿ 2019ರ ಅಕ್ಟೋಬರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಆ ಗೆರೆಯನ್ನು ಅಳಿಸುವ ಬೆರಳು ಯಾರಿಗೂ ಇಲ್ಲ. ಹಾಕಿದ ಹಳಿ ಹಾಕಿದ್ದೇ ಎಂಬ ಕಠಿಣ ಬಗೆಯೂ ಆಟದಲ್ಲಿದೆ, ನಿಜ. ಅಲ್ಲಿಯೂ ಮನೆ ಕಳೆದುಕೊಳ್ಳುವವನಿಲ್ಲ, ಮರವಿಲ್ಲ.

ಮಕ್ಕಳಿಂದ ಆಟವನ್ನು ಕಸಿದುಕೊಳ್ಳಿ ಎಂದು ನಾವು ಹೇಳುವುದಿಲ್ಲ. ಬುದ್ಧಿಗೆ ಒಳ್ಳೆಯ ವ್ಯಾಯಾಮ ಅದು. ಆದರೆ ನಾಳೆ ನಿಜವಾದ ನಕ್ಷೆಯ ಮೇಲೆ ಗೆರೆ ಎಳೆಯುವವರು ಇದೇ ಮಕ್ಕಳಲ್ಲಿ ಇದ್ದಾರು. ಆಟದ ಜೊತೆಗೆ, ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಅವರನ್ನು ಥಾಣೆ ನಿಲ್ದಾಣಕ್ಕೆ ಕರೆದೊಯ್ದು, ಮೇಲ್ಸೇತುವೆಯಿಂದ ಕೆಳಗೆ ನಿಂತವರನ್ನು ತೋರಿಸಿರಿ.