ಜೀನಿನ ಅಡಿಭಾಗ: ಅಶ್ವಸಜ್ಜೆಯ ಅಧ್ಯಯನದ ಕೆಲವು ಪ್ರಶ್ನೆಗಳು

ಕರ್ನಾಟಕದ ಸಂಸ್ಕೃತಿ ಅಧ್ಯಯನಗಳಲ್ಲಿ ಕುದುರೆಗೆ ಕೊರತೆಯಿಲ್ಲ. ವೀರಗಲ್ಲುಗಳ ಮೇಲೆ, ಹೊಯ್ಸಳ ದೇವಾಲಯಗಳ ಭಿತ್ತಿಯ ಪಟ್ಟಿಕೆಗಳಲ್ಲಿ, ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ, ಮೈಲಾರಲಿಂಗನ ಆರಾಧನೆಯಲ್ಲಿ, ಕೀಲುಕುದುರೆಯ ಕುಣಿತದಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ವಿದ್ವಾಂಸರು ಅದನ್ನು ಶೌರ್ಯದ ಸಂಕೇತವೆಂದೂ ಪ್ರಭುತ್ವದ ಲಾಂಛನವೆಂದೂ ದೈವದ ವಾಹನವೆಂದೂ ವಿವೇಚಿಸಿದ್ದಾರೆ. ಆದರೆ ಕುದುರೆಗೂ ಸವಾರನಿಗೂ ನಡುವೆ ಇರುವ ವಸ್ತುಗಳು, ಅಂದರೆ ಜೀನು, ಕಡಿವಾಣ, ರಿಕಾಪು, ಪಟ್ಟಿಗಳು, ನಮ್ಮ ಬರಹಗಳಲ್ಲಿ ಬಹುಮಟ್ಟಿಗೆ 'ಅಲಂಕಾರ' ಎಂಬ ಒಂದೇ ಶಬ್ದದಲ್ಲಿ ಮುಗಿದುಹೋಗುತ್ತವೆ. ಈ ಶಬ್ದ ಎಷ್ಟನ್ನು ಮರೆಮಾಡಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ತಪ್ಪನ್ನು ಬೇರೆಯವರ ಮೇಲೆ ಹೊರಿಸುವ ಮೊದಲು ನನ್ನದನ್ನೇ ಒಪ್ಪಿಕೊಳ್ಳುವುದು ನ್ಯಾಯ. ನನ್ನ ಮಹಾಪ್ರಬಂಧದಲ್ಲಿ ಮಲೆನಾಡಿನ ಅಂಚಿನ ವೀರಗಲ್ಲೊಂದನ್ನು ವಿವರಿಸುವಾಗ, ಕುದುರೆಯ ಎದೆಗೂ ಬಾಲದ ಬುಡಕ್ಕೂ 'ಸುಂದರವಾದ ಆಭರಣಗಳಿವೆ' ಎಂದು ಬರೆದಿದ್ದೆ. ಹಲವು ವರ್ಷಗಳ ಅನಂತರ ಮೈಸೂರಿನ ಹಿರಿಯ ಟಾಂಗಾವಾಲರೊಬ್ಬರಿಗೆ ಆ ಕಲ್ಲಿನ ಛಾಯಾಚಿತ್ರ ತೋರಿಸಿದೆ. ಅವರು ಕ್ಷಣಹೊತ್ತು ನೋಡಿ, "ಇದು ಒಡವೆ ಅಲ್ಲ ಸಾರ್. ದಿಬ್ಬ ಹತ್ತೋವಾಗ ಜೀನು ಹಿಂದಕ್ಕೆ ಜಾರಬಾರದು ಅಂತ ಎದೆಪಟ್ಟಿ. ಇಳಿಯೋವಾಗ ಮುಂದಕ್ಕೆ ಬರಬಾರದು ಅಂತ ಬಾಲದ ಪಟ್ಟಿ. ಇವನು ಗುಡ್ಡದ ಕಡೆಯವನೇ ಇರಬೇಕು" ಎಂದರು. ಶಿಲ್ಪಿಗಳು ರೂಢಿಯ ಮಾದರಿಯನ್ನೂ ಅನುಸರಿಸುತ್ತಿದ್ದುದರಿಂದ ಅವರ ಕೊನೆಯ ಮಾತನ್ನು ಪ್ರಮಾಣವೆಂದು ಸ್ವೀಕರಿಸಲಾಗದು. ಆದರೆ ನನ್ನ ವಾಕ್ಯ ಕಲ್ಲನ್ನು ಹೊಗಳಿತ್ತು. ಅವರ ವಾಕ್ಯ ಕಲ್ಲನ್ನು ಓದಿತ್ತು. ಈ ಎರಡರ ಅಂತರವೇ ನಮ್ಮ ಅಧ್ಯಯನಕ್ರಮದ ವಿಮರ್ಶೆಯೂ ಆಗಿದೆ.

ಜೀನನ್ನು ಓದಬೇಕಾದರೆ ಮೊದಲು ಬೆನ್ನನ್ನು ಓದಬೇಕು. ಕುದುರೆಯ ಬೆನ್ನುಮೂಳೆ ಭಾರ ಹೊರುವ ಜಾಗವಲ್ಲ. ಸವಾರನ ತೂಕ ಮೂಳೆಯ ಎರಡೂ ಬದಿಯ ಸ್ನಾಯುಗಳ ಮೇಲೆ, ಪಕ್ಕೆಲುಬುಗಳ ಆಸರೆಯಿರುವಷ್ಟು ಭಾಗದಲ್ಲಿ ಮಾತ್ರ ಹಂಚಿಹೋಗಬೇಕು. ಕೊನೆಯ ಪಕ್ಕೆಲುಬನ್ನು ದಾಟಿದ ಜೀನು ಸೊಂಟವನ್ನು ಒತ್ತುತ್ತದೆ. ಹೆಗಲಮೂಳೆಯ ಮೇಲೆ ಏರಿದ ಜೀನು ಮುಂಗಾಲಿನ ಹೆಜ್ಜೆಯನ್ನು ಕಟ್ಟಿಹಾಕುತ್ತದೆ. ಒಳಗಿನ ಮರದ ಚೌಕಟ್ಟು ಕಿರಿದಾದರೆ ಕೊರಳು ಬೆನ್ನನ್ನು ಸೇರುವೆಡೆಯ ಉಬ್ಬಿನ ಇಕ್ಕೆಲಗಳನ್ನು ಚಿವುಟುತ್ತದೆ. ಅಗಲವಾದರೆ ಆ ಉಬ್ಬಿನ ಮೇಲೆಯೇ ಕುಸಿದು ಕೂರುತ್ತದೆ. ಹೊಟ್ಟೆಪಟ್ಟಿ ಮುಂಗಾಲಿನ ಮೊಣಕೈಗೆ ತಾಗದಂತೆ ಸ್ವಲ್ಪ ಹಿಂದೆ ಬರಬೇಕು. ಕಡಿವಾಣದ ಕಬ್ಬಿಣ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಇರುವ ಬರಿಯ ವಸಡಿನ ಮೇಲೆ ಕೂರುವುದರಿಂದ, ಲಗಾಮು ಹಿಡಿದ ಕೈಯ ಒರಟುತನವೆಲ್ಲ ಅಲ್ಲಿಯೇ ಮುಟ್ಟುತ್ತದೆ. ಮೇವು, ದುಡಿಮೆ, ವಯಸ್ಸುಗಳಿಗೆ ಅನುಗುಣವಾಗಿ ಬೆನ್ನಿನ ಆಕಾರವೂ ಬದಲಾಗುತ್ತದೆ. ಆದ್ದರಿಂದ ಜೀನು ಹೊಂದಿಸುವುದು ಒಮ್ಮೆಗೆ ಮುಗಿಯುವ ಕೆಲಸವಲ್ಲ, ನಿರಂತರವಾದ ಗಮನ.

ಈ ಗಮನಕ್ಕೆ ತನ್ನದೇ ಆದ ಲಿಪಿಯಿದೆ. ದುಡಿದು ಬಂದ ಕುದುರೆಯ ಜೀನು ಬಿಚ್ಚಿದಾಗ ಬೆವರಿನ ಗುರುತು ಎರಡೂ ಬದಿಗೆ ಸಮನಾಗಿದ್ದರೆ ಒಳ್ಳೆಯದು. ನಡುವೆ ಒಣಗಿದ ತೇಪೆ ಕಂಡರೆ ಅಲ್ಲಿ ಒತ್ತಡ ಹೆಚ್ಚಾಗಿದೆಯೆಂದು ಅನುಭವಿ ಸಂಶಯಪಡುತ್ತಾನೆ. ಒತ್ತಡದಿಂದ ಚರ್ಮ ಘಾಸಿಗೊಂಡ ಕಡೆ ಮುಂದೆ ಬಿಳಿಕೂದಲು ಹುಟ್ಟುತ್ತದೆ. ಕಂದು ಬೆನ್ನಿನ ಮೇಲಿನ ಆ ಬಿಳಿ ಮಚ್ಚೆ ಆ ಪ್ರಾಣಿಯನ್ನು ಆಳಿದವರ ಅಜಾಗರೂಕತೆಯ ಶಾಸನ. ಅಕ್ಷರದ ಶಾಸನಗಳನ್ನು ಶ್ರದ್ಧೆಯಿಂದ ಓದಿದ ನಾವು ಈ ಶಾಸನವನ್ನು ಓದಲು ಕಲಿಯಲಿಲ್ಲ.

ಎರಡನೆಯ ಪ್ರಶ್ನೆ ಶಬ್ದಗಳಿಗೆ ಸಂಬಂಧಿಸಿದುದು. ಜೀನು, ಲಗಾಮು, ರಿಕಾಪು ಎಂಬ ಇಂದಿನ ಬಳಕೆಯ ಮಾತುಗಳು ಪಾರಸಿಯ ಮೂಲಕ ಬಂದವು. ಇದರ ಆಧಾರದಿಂದ ಸವಾರಿಯ ಸಲಕರಣೆಗಳೂ ಸುಲ್ತಾನರ ಸೈನ್ಯಗಳೊಡನೆ ದಕ್ಷಿಣಕ್ಕೆ ಬಂದವೆಂದು ಹೇಳುವ ರೂಢಿಯಿದೆ. ಈ ತೀರ್ಮಾನ ಪರಿಶೀಲನೆಗೆ ನಿಲ್ಲುವುದಿಲ್ಲ. ಜೀನಿಗೆ 'ಹಲ್ಲಣ' ಎಂಬ ಹಳೆಯ ಮಾತು ಕನ್ನಡದಲ್ಲಿದೆ. ಅದು ಸಂಸ್ಕೃತದ 'ಪರ್ಯಾಣ'ದಿಂದ ಪ್ರಾಕೃತದ ದಾರಿಯಲ್ಲಿ ಬಂದುದು. ಕಾಲೂರುವ ಬಳೆಗೆ 'ಅಂಕವಣೆ' ಎಂಬ ಮಾತಿದೆ. 'ಕಡಿವಾಣ'ದಲ್ಲಿ ದ್ರಾವಿಡದ 'ಕಡಿ' ಧಾತು ಈಗಲೂ ಕೇಳಿಸುತ್ತದೆ. ಮಲಿಕ್ ಕಾಫೂರನ ಸೈನ್ಯ ದೋರಸಮುದ್ರವನ್ನು ತಲುಪಿದ್ದು 1311ರಲ್ಲಿ. ಅದಕ್ಕೆ ಮೊದಲೇ, 12 ಮತ್ತು 13ನೆಯ ಶತಮಾನಗಳ ಹೊಯ್ಸಳ ಶಿಲ್ಪಗಳಲ್ಲಿ ಸವಾರರು ಜೀನಿನ ಮೇಲೆ ಕುಳಿತು ಅಂಕವಣೆಯಲ್ಲಿ ಕಾಲೂರಿದ್ದಾರೆ. ಜಾನ್ ದೆಲೋಶ್ ಅವರು 1989ರ ತಮ್ಮ ಕೃತಿಯಲ್ಲಿ ಈ ಶಿಲ್ಪಗಳನ್ನು ಯುದ್ಧತಂತ್ರಜ್ಞಾನದ ದಾಖಲೆಗಳಾಗಿ ಪರಿಶೀಲಿಸಿ ದಾರಿ ತೋರಿಸಿದ್ದಾರೆ. ಶಬ್ದದ ವಯಸ್ಸೇ ವಸ್ತುವಿನ ವಯಸ್ಸಲ್ಲ ಎಂಬ ಎಚ್ಚರ ಜಾನಪದ ವಿದ್ವಾಂಸನಿಗೆ ಇರಲೇಬೇಕು.

ಆದರೆ ದೆಲೋಶ್ ಅವರ ದಾರಿಯೂ ಒಂದು ಹಂತದಲ್ಲಿ ನಿಲ್ಲುತ್ತದೆ. ಅದು ಸವಾರನ ಕಡೆಯಿಂದ, ಯುದ್ಧದ ಉಪಯೋಗದ ಕಡೆಯಿಂದ ವಸ್ತುವನ್ನು ನೋಡುವ ದಾರಿ. ವಸ್ತುವನ್ನು ಮಾಡಿದವನ ಕಡೆಯಿಂದಲೂ ಹೊತ್ತ ಪ್ರಾಣಿಯ ಕಡೆಯಿಂದಲೂ ನೋಡುವುದು ಜಾನಪದದ ಹೊಣೆ. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು 16ನೆಯ ಶತಮಾನದ ಪೋರ್ತುಗೀಜ ಬರಹಗಾರ ನೂನಿಜ್ ಬರೆದಿದ್ದಾನೆ. ಅವುಗಳಲ್ಲಿ ಹೊರ್ಮುಜಿನಿಂದ ಹಡಗಿನಲ್ಲಿ ಬಂದವೂ ನಾಡತಳಿಗಳೂ ಇದ್ದವು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಲಿ, ನಮ್ಮ ಚರಿತ್ರೆಕಾರರು ಅದನ್ನು ವ್ಯಾಪಾರದ, ಬೊಕ್ಕಸದ, ಸೈನ್ಯದ ಲೆಕ್ಕವಾಗಿ ಬಳಸಿದ್ದಾರೆ. ಬೇರೆ ಬೇರೆ ತಳಿಯ ಅಷ್ಟು ಬೆನ್ನುಗಳಿಗೆ ಜೀನು ಹೊಂದಿಸಿದ ಕೈಗಳು ಯಾರವು ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಏಳುವುದೇ ಇಲ್ಲ.

ಜೀನು ಒಬ್ಬನ ಸೃಷ್ಟಿಯಲ್ಲ. ಚೌಕಟ್ಟಿಗೆ ಬಡಗಿ, ಹದಮಾಡಿದ ತೊಗಲಿಗೆ ಚರ್ಮಕಾರ, ಅಂಕವಣೆಗೂ ಕಡಿವಾಣಕ್ಕೂ ಕಮ್ಮಾರ, ಕೆಳಗೆ ಹಾಸುವ ಕಂಬಳಿಗೆ ಕುರುಬ, ಹೀಗೆ ಹಲವು ಕುಲಗಳ ಕೈ ಅದರಲ್ಲಿ ಕೂಡಿದೆ. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಇರುವ ಜೀನಗಾರ ಸಮುದಾಯದ ಹೆಸರೇ ಈ ಕಸುಬಿನ ದಾಖಲೆ. ಕುದುರೆಸವಾರಿಯ ಕಾಲ ಹಿಂದೆ ಸರಿದಂತೆ ಆ ಕುಲದವರು ಚಿತ್ರ, ಮರಗೆಲಸ, ಲೋಹಗೆಲಸಗಳ ಕಡೆಗೆ ಹೊರಳಿದರು. ಕಸುಬು ಹೋಗಿ ಹೆಸರು ಉಳಿಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಸವಾರರನ್ನು ನಾಡು ಇಂದಿಗೂ ನೆನೆಯುತ್ತದೆ, ನೆನೆಯಲೇಬೇಕು. ಆದರೆ ವೀರಗಲ್ಲಿನಿಂದ ಹಿಡಿದು ಆಧುನಿಕ ಸ್ಮಾರಕದವರೆಗೆ ಕಥನ ಸವಾರನದೇ. ಪಟ್ಟಿ ಹೊಲಿದವನು ಅದರೊಳಗೆ ಬಂದವನೇ ಅಲ್ಲ.

ಕೀಲುಕುದುರೆಯ ಕುಣಿತವನ್ನು ಈ ಬೆಳಕಿನಲ್ಲಿ ಮರುಓದಬೇಕು. ಅದನ್ನು ರಾಜವೈಭವದ ಅನುಕರಣೆಯೆಂದು ವಿವರಿಸುವುದು ವಾಡಿಕೆ. ಆದರೆ ಅಲ್ಲಿ ಕುಣಿಯುವವನು ಸೊಂಟದ ಮೇಲೆ ಅರಸ, ಸೊಂಟದ ಕೆಳಗೆ ಕುದುರೆ. ಬೊಂಬೆಯ ಭಾರವೆಲ್ಲ ಹೆಗಲಿನ ಪಟ್ಟಿಗಳ ಮೂಲಕ ಅವನ ಮೈಮೇಲೆಯೇ ಇಳಿಯುತ್ತದೆ. ಮೆರವಣಿಗೆಗೆ ಮುನ್ನ ಕಲಾವಿದರೊಬ್ಬರು ಪಟ್ಟಿಯ ಅಡಿಗೆ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. "ಸರಿಯಾಗಿ ಕೂರದಿದ್ದರೆ ಮೂರನೇ ಬೀದಿಗೆ ಹೆಗಲು ಕಿತ್ತುಬರುತ್ತೆ" ಎಂದು ಅವರು ಹೇಳಿದರು. ಕುದುರೆ ಹೇಳಲಾರದ ಮಾತನ್ನು ಅವರು ಹೇಳಿದ್ದರು. ವೈಭವದ ಅನುಕರಣೆಯ ಒಳಗೇ ಭಾರ ಹೊರುವವರ ಅನುಭವವೂ ಇದೆ ಎಂಬುದನ್ನು ನಮ್ಮ ವಿಶ್ಲೇಷಣೆಗಳು ಗಮನಿಸಬೇಕು.

ಇದು ಕೇವಲ ಗತಕಾಲದ ಚರ್ಚೆಯಲ್ಲ. ಟಾಂಗಾ, ಮದುವೆಯ ಮೆರವಣಿಗೆ, ಪ್ರವಾಸಿ ತಾಣಗಳ ಸವಾರಿಗಳಲ್ಲಿ ಕುದುರೆಗಳು ಇಂದಿಗೂ ದುಡಿಯುತ್ತಿವೆ. ಅಗ್ಗದ ಸಿದ್ಧ ಜೀನೊಂದನ್ನು ಎಲ್ಲ ಬೆನ್ನಿಗೂ ಬಿಗಿಯುವ ಕಡೆ ಬಿಳಿಕೂದಲಿನ ಶಾಸನಗಳು ಹೆಚ್ಚುತ್ತವೆ. ಹೊಂದಿಸುವ ಅರಿವುಳ್ಳ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ಅರಿವು ಅಳಿದರೆ ನಷ್ಟ ಜಾನಪದ ಭಂಡಾರಕ್ಕೆ ಮಾತ್ರವಲ್ಲ, ಮೂಕಪ್ರಾಣಿಯ ಮೈಗೂ ಆಗುತ್ತದೆ.

ವಸ್ತುಸಂಗ್ರಹಾಲಯಗಳಲ್ಲಿ ಜೀನನ್ನು ಕಸೂತಿ ಕಾಣುವಂತೆ ಮೇಲ್ಮುಖವಾಗಿ ಇಡುತ್ತಾರೆ. ಆದರೆ ಜೀನಿನ ಸತ್ಯ ಅದರ ಅಡಿಭಾಗದಲ್ಲಿದೆ: ಒಳತುಂಬಿನ ಮೆತ್ತೆ, ಒಂದು ಬದಿಯ ಸವಕಲು, ಮತ್ತೆ ಮತ್ತೆ ಹಾಕಿದ ಹೊಲಿಗೆ, ಬೆವರಿನ ಕಲೆ. ಮುಂದಿನ ಕ್ಷೇತ್ರಕಾರ್ಯದಲ್ಲಿ ನಾವು ಜೀನನ್ನು ಒಮ್ಮೆ ಮಗುಚಿ ನೋಡೋಣ, ಅಳೆಯೋಣ, ಅದನ್ನು ಬಿಗಿದು ಬಿಚ್ಚಿದವರ ಮಾತನ್ನು ಅವರ ಹೇಳಿಕೆಯಲ್ಲಿಯೇ ಬರೆದುಕೊಳ್ಳೋಣ. ನನ್ನ ಮಹಾಪ್ರಬಂಧದ ಆ ವಾಕ್ಯವನ್ನು ತಿದ್ದುವ ಅವಕಾಶ ಈ ಸಂಪುಟದಲ್ಲಿ ದೊರೆತಿದೆ. ಅದು ಆಭರಣವಲ್ಲ, ಎದೆಪಟ್ಟಿ.