‘ಎದೆ’ ಎಂಬ ಪದದ ತೊಡಕು: ಹೊಳಗುಂದದಲ್ಲಿ ಕೂತು ‘ಸಾಸಿವೆ ತಂದವಳು’ ಓದುವಾಗ

 

ಇವತ್ತು ನಾನು ಎತ್ತಿಕೊಂಡಿರುವುದು ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’. ಸ್ತನ ಕ್ಯಾನ್ಸರಿನ ಅನುಭವವನ್ನು ಹೆಣ್ಣೊಬ್ಬಳು ತಾನೇ ಕನ್ನಡದಲ್ಲಿ ಹೇಳಿಕೊಂಡ ಕಥನ. ಕೃತಿಯ ಸಮಗ್ರ ವಿಮರ್ಶೆ ನನ್ನ ಉದ್ದೇಶವಲ್ಲ. ಇಂಥ ಕಥನವನ್ನು ನಮ್ಮೂರಿನಲ್ಲಿ ಕೂತು ಓದಿದರೆ ಯಾವ ಪ್ರಶ್ನೆ ಏಳುತ್ತದೆ ಅನ್ನೋದಷ್ಟೇ ನನ್ನ ವಿಷಯ.

ಹೊಳಗುಂದ ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಈ ಕಡೆ ಆದೋನಿ, ಗಡಿ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಆಸ್ಪತ್ರೆಯ ರಿಪೋರ್ಟಿನಲ್ಲಿ ಇಂಗ್ಲಿಷ್.

ನಮ್ಮ ದೊಡ್ಡವ್ವ ಹತ್ತಿ ಬಿಡಿಸೋಕೆ ಹೋಗುವ ಕೂಲಿ ಹೆಂಗಸು. ಒಂದಿನ ಬಚ್ಚಲಲ್ಲಿ ಬೆನ್ನು ತಿಕ್ಕುತ್ತಿದ್ದಾಗ ನನ್ನ ಕೈ ಹಿಡಿದು, “ಯವ್ವಾ, ಎದ್ಯಾಗ ಒಂದು ಗಂಟು ಐತಿ ನೋಡು” ಅಂದಳು. ನಾಲ್ಕು ತಿಂಗಳಿಂದ ಇತ್ತಂತೆ. “ನೋವಿಲ್ಲ, ಅದಕ್ಕ ಸುಮ್ನಿದ್ದೆ.” ಆರಂಭದ ಹಂತದಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿದ್ದರೆ ಮಾತ್ರ ಕಾಯಿಲೆ ಅನ್ನುವ ನಮ್ಮ ತಿಳಿವಳಿಕೆ ಮೋಸಹೋಗುವುದು ಇಲ್ಲೇ.

ಆಸ್ಪತ್ರೆಗೆ ಕರ್ಕೊಂಡು ಹೋದವಳು ನಾನು. ಅವಳ ಮಾತನ್ನು ತೆಲುಗಿಗೆ ತಿರುಗಿಸಬೇಕಾದವಳೂ ನಾನೇ. ನಮ್ಮ ಹಿಂದೆ ಗಂಡಸರ ಸಾಲಿತ್ತು. ‘ರೊಮ್ಮು’ ಅನ್ನುವ ಪದ ಬಾಯಿಗೆ ಬರಲಿಲ್ಲ. ‘ಛಾತಿಲೋ ಇಬ್ಬಂದಿ’ ಅಂದುಬಿಟ್ಟೆ. ಇಸಿಜಿ ತೆಗೆದರು, ಹೃದಯ ಚೆನ್ನಾಗಿದೆ ಅಂದರು, ನಾವು ಮಾತ್ರೆ ತಗೊಂಡು ಮನೆಗೆ ಬಂದೆವು. ಒಂದು ತಿಂಗಳು ಹೋಯಿತು. ಅಲ್ಲಿ ಯಾರ ತಪ್ಪೂ ಇಲ್ಲ. ಅವರು ನಾನು ಹೇಳಿದ್ದಕ್ಕೆ ತಕ್ಕ ಪರೀಕ್ಷೆ ಮಾಡಿದರು. ತಪ್ಪು ಅನುವಾದದ್ದು. ಕನ್ನಡ ಎಂ.ಎ. ಓದಿದ ಹುಡುಗಿ ಮಾಡಿದ ಅನುವಾದದ್ದು.

ಈಗ ಆ ಪದವನ್ನೇ ನೋಡೋಣ. ಕನ್ನಡದ ‘ಎದೆ’ಗೆ ಎಷ್ಟು ಅರ್ಥ! ಎದೆಗಾರಿಕೆ ಅಂದರೆ ಧೈರ್ಯ, ಎದೆ ತುಂಬಿತು ಅಂದರೆ ಭಾವ, ಎದೆ ನೋವು ಅಂದರೆ ಹೃದಯ, ಎದೆಹಾಲು ಅಂದರೆ ತಾಯಿ. ಕಾವ್ಯಕ್ಕೆ ಇದು ಸಂಪತ್ತು. ವೈದ್ಯರ ಮೇಜಿನ ಮುಂದೆ ಇದೇ ತೊಡಕು. ‘ಮೊಲೆ’ ಅನ್ನುವ ಖಚಿತವಾದ ಪದ ನಮ್ಮಲ್ಲಿದೆ. ವಚನಕಾರರು ಸಂಕೋಚವಿಲ್ಲದೆ ಬಳಸಿದ ಪದ ಅದು. ನಾವು ಅದನ್ನು ಬೈಗುಳದ ಪಕ್ಕಕ್ಕೆ ತಳ್ಳಿ, ಗೋಡೆಯ ಪೋಸ್ಟರಿಗೆ ‘ಸ್ತನ’ ತಂದೆವು. ದೊಡ್ಡವ್ವನ ಬಾಯಲ್ಲಿ ಆ ಪದ ಒಮ್ಮೆಯೂ ಬಂದಿಲ್ಲ. 30ರಿಂದ 65 ವರ್ಷದ ಹೆಂಗಸರನ್ನು ಆರೋಗ್ಯ ಕಾರ್ಯಕರ್ತೆಯರೇ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ತಂದಿದೆ. ಅದೂ ಕೊನೆಗೆ ನಿಂತಿರುವುದು ಒಂದು ಕೈ ಮತ್ತು ಒಂದು ಪದದ ಮೇಲೆ.

ನನ್ನ ವಾದ ಇಷ್ಟು. ಕಾಯಿಲೆಯ ಕಥನಗಳನ್ನು ನಾವು ರೋಗ ಗೊತ್ತಾದ ದಿನದಿಂದ ಓದುತ್ತೇವೆ. ಅದಕ್ಕೂ ಹಿಂದಿನ ಮೌನವನ್ನು ಓದುವುದಿಲ್ಲ. ಫ್ಯಾನಿ ಬರ್ನಿ 1811ರಲ್ಲಿ ಪ್ಯಾರಿಸ್ಸಿನಲ್ಲಿ ಅರಿವಳಿಕೆಯಿಲ್ಲದೆ ಸ್ತನದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಅದನ್ನು ಬರೆದದ್ದು ತಿಂಗಳುಗಳ ನಂತರ, ಅಕ್ಕನಿಗೆ ಬರೆದ ಪತ್ರದಲ್ಲಿ. ಹೆಸರಾಂತ ಕಾದಂಬರಿಕಾರ್ತಿಗೂ ಮಾತು ತಡವಾಗಿಯೇ ಬಂತು, ಅದೂ ಒಡಹುಟ್ಟಿದವಳ ಕಿವಿಗೆ. ನಮ್ಮಲ್ಲಿ ಆ ಪತ್ರದ ಜಾಗ ಬಚ್ಚಲು.

ಒಂದು ತಿಂಗಳ ಮೇಲೆ ಮ್ಯಾಮೊಗ್ರಾಂ, ಬಯಾಪ್ಸಿ ಆದವು. ಗಂಟು ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಮೊದಲ ಹಂತ. ಗಂಟನ್ನಷ್ಟೇ ತೆಗೆದು ವಿಕಿರಣ ಕೊಡಬಹುದು, ಇಲ್ಲಾ ಪೂರ್ತಿ ತೆಗೆಯಬಹುದು ಅಂದರು. ಇಟಲಿ ಮತ್ತು ಅಮೆರಿಕದ 20 ವರ್ಷಗಳ ಅಧ್ಯಯನಗಳು 2002ರಲ್ಲಿ ಹೇಳಿದ್ದೂ ಇದೇ: ಎರಡರಲ್ಲೂ ಬದುಕುಳಿಯುವ ಸಾಧ್ಯತೆ ಒಂದೇ. ದೊಡ್ಡವ್ವ ಕೇಳಿದ್ದು ಒಂದೇ ಪ್ರಶ್ನೆ: “ಕರೆಂಟು ಕೊಡಾಕ ಎಷ್ಟು ದಿನ ಬರಬೇಕು?” ವಾರಕ್ಕೆ ಐದು ದಿನ, ಕೆಲವು ವಾರ. “ಹಂಗಾದ್ರ ಪೂರಾ ತೆಗೀರಿ.” ಕಂಕುಳಿನ ಗ್ರಂಥಿಗಳಲ್ಲಿ ರೋಗವಿರಲಿಲ್ಲ, ಹಾಗಾಗಿ ವಿಕಿರಣ ಬೇಕಾಗಲಿಲ್ಲ. ಇದನ್ನು ‘ಆಯ್ಕೆ’ ಅಂತ ಬರೆಯುವಾಗ ನನ್ನ ಕೈ ತಡೆಯುತ್ತದೆ. ಬಸ್ಸಿನ ದೂರ ಮತ್ತು ದಿನಗೂಲಿ ಕೂಡ ಆ ಶಸ್ತ್ರಚಿಕಿತ್ಸೆಯಲ್ಲಿ ಪಾಲು ತಗೊಂಡವು.

ಆಡ್ರಿ ಲಾರ್ಡ್ 1980ರ ತನ್ನ ‘ಕ್ಯಾನ್ಸರ್ ಜರ್ನಲ್ಸ್’ನಲ್ಲಿ ಕೃತಕ ಸ್ತನವನ್ನು ನಿರಾಕರಿಸುತ್ತಾಳೆ, ಮುಚ್ಚಿಟ್ಟರೆ ನಾವು ಒಬ್ಬರಿಗೊಬ್ಬರು ಕಾಣಿಸುವುದಿಲ್ಲ ಅನ್ನುವುದು ಅವಳ ತರ್ಕ. ದೊಡ್ಡವ್ವ ಬೀಜ ಬಿಡಿಸಿದ ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡು ಹೊಲಕ್ಕೆ ಹೋಗ್ತಾಳೆ. ಮೊದಲು ನಾನಿದನ್ನು ಸೋಲು ಅಂತ ಓದಿದ್ದೆ. ಆಮೇಲೆ ತಿಳೀತು, ಓಣಿಯ ಹೆಂಗಸರು ಬಂದರೆ ಬಚ್ಚಲಿಗೆ ಕರೆದು ಗಾಯದ ಗುರುತು ತೋರಿಸ್ತಾಳೆ, ಅವರ ಕೈಯನ್ನೇ ಹಿಡಿದು ಹೇಗೆ ಮುಟ್ಟಿ ನೋಡ್ಕೋಬೇಕು ಅಂತ ಹೇಳಿಕೊಡ್ತಾಳೆ. ಪಕ್ಕದ ಮನೆಯವಳಿಗೆ ಗಂಟು ಸಿಕ್ಕಿತು, ತೋರಿಸಿದರು, ಕ್ಯಾನ್ಸರ್ ಅಲ್ಲ ಅಂದರು. ಹೆಚ್ಚಿನ ಗಂಟುಗಳು ಅಲ್ಲವೇ ಅಲ್ಲ. ಆದರೆ ಅವಳು ನಾಲ್ಕು ತಿಂಗಳು ಕಾಯಲಿಲ್ಲ.

ಕೊನೆಯದಾಗಿ ಶೀರ್ಷಿಕೆ. ಬುದ್ಧ ಹೇಳಿದ ಸಾಸಿವೆಯನ್ನು ಕಿಸಾಗೋತಮಿ ತರಲಾಗಲಿಲ್ಲ, ಯಾಕೆಂದರೆ ಸಾವಿಲ್ಲದ ಮನೆ ಸಿಗಲಿಲ್ಲ. ಭಾರತಿಯವರ ಶೀರ್ಷಿಕೆ ಮಾತ್ರ ‘ತಂದವಳು’ ಅನ್ನುತ್ತದೆ. ಸಾವನ್ನು ಗೆದ್ದವಳು ಅಂತ ನಾನು ಅದನ್ನು ಓದುವುದಿಲ್ಲ. ಮನೆಮನೆಯ ಬಾಗಿಲು ತಟ್ಟಿ, ಹೇಳಿ, ಕೇಳಿಸಿಕೊಂಡು ಬಂದವಳು ಅಂತ ಓದುತ್ತೇನೆ.

ಮೊನ್ನೆ ತಪಾಸಣೆಗೆ ಹೋದಾಗ ಅದೇ ಸಾಲು, ಹಿಂದೆ ಅದೇ ಗಂಡಸರು. ಈ ಸಲ ‘ರೊಮ್ಮು’ ಅಂದೆ. ನನ್ನ ಧ್ವನಿ ಸ್ವಲ್ಪ ನಡುಗಿತು. ದೊಡ್ಡವ್ವ ನನ್ನ ಮುಖ ನೋಡಿ ನಕ್ಕಳು.