ಅಪುವಿಗೆ ಬಂದ ತಂತಿ

ಹೊರನಾಡಿನವರ ಸಾಹಿತ್ಯ ಅಂದ ಕೂಡಲೇ ಮುಂಬಯಿಯ ನಾವು ಯಶವಂತ ಚಿತ್ತಾಲರ ಹೆಸರು ಹೇಳುತ್ತೇವೆ. ಮುಂಬಯಿಯಲ್ಲಿ ಕೂತು ಜೀವಮಾನವಿಡೀ ಹನೇಹಳ್ಳಿಯನ್ನು ಬರೆದವರು ಅವರು, ಹೇಳಬೇಕಾದ್ದೇ. ಆದರೆ ಹರೆಯದಲ್ಲಿ ಊರು ಬಿಟ್ಟ ಹುಡುಗನಿಗೆ ಹಿಂದೆ ಉಳಿದವರ ಸಾವಿನ ಸುದ್ದಿ ಬಂದಾಗ ಒಳಗೆ ಏನಾಗುತ್ತದೆ? ಇದನ್ನು ಮುಚ್ಚುಮರೆಯಿಲ್ಲದೆ ಬರೆದ ಪುಸ್ತಕ ನನಗೆ ಸಿಕ್ಕಿದ್ದು ಬಂಗಾಳಿಯಲ್ಲಿ. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಅಪರಾಜಿತೊ’. ನನಗೆ ಬಂಗಾಳಿ ಬಾರದು, ಗೋಪಾ ಮಜುಂದಾರರ ಇಂಗ್ಲಿಷ್ ಅನುವಾದದಲ್ಲಿ ಓದಿದೆ.

1929ರಲ್ಲಿ ಪುಸ್ತಕವಾಗಿ ಬಂದ ‘ಪಥೇರ್ ಪಾಂಚಾಲಿ’ಯ ಮುಂದಿನ ಕಥೆ ಇದು. ಧಾರಾವಾಹಿಯಾಗಿ ಬಂದದ್ದು ‘ಪ್ರವಾಸಿ’ ಎಂಬ ಪತ್ರಿಕೆಯಲ್ಲಿ. ಬಂಗಾಳಿಯಲ್ಲಿ ಪ್ರವಾಸಿ ಅಂದರೆ ನಮ್ಮ ಹಾಗೆ ಟೂರಿಗೆ ಹೋಗುವವನಲ್ಲ, ಪರವೂರಲ್ಲಿ ನೆಲೆಸಿದವನು. ರಾಮಾನಂದ ಚಟರ್ಜಿಯವರು 1901ರಲ್ಲಿ ಆ ಪತ್ರಿಕೆ ಶುರು ಮಾಡಿದ್ದೂ ಬಂಗಾಳದ ಹೊರಗೆ, ಅಲಹಾಬಾದಿನಲ್ಲಿ. ಅಪುವಿನ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ ಬಿಡಿ.

ಕಾಲೇಜಿನ ವಯಸ್ಸಿಗೆ ಬರುವಷ್ಟರಲ್ಲಿ ಅಪು ಇಬ್ಬರನ್ನು ಕಳೆದುಕೊಂಡಿದ್ದಾನೆ. ನಿಶ್ಚಿಂದಿಪುರದಲ್ಲಿ ಅಕ್ಕ ದುರ್ಗಾ ಜ್ವರದಲ್ಲಿ ಹೋದಳು. ಅವಳು ಕದ್ದಿಟ್ಟಿದ್ದ ಕುಂಕುಮದ ಭರಣಿ ಆಮೇಲೆ ಅಪುವಿನ ಕೈಗೆ ಸಿಕ್ಕಿದಾಗ ಅವನು ಯಾರಿಗೂ ಹೇಳದೆ ಬಿದಿರಿನ ಮೆಳೆಗೆ ಎಸೆದುಬಿಡುತ್ತಾನೆ. ಸತ್ತವಳ ಮಾನ ಕಾಯುವ ಆ ಮಗುವಿನ ಬುದ್ಧಿ ದೊಡ್ಡದು. ಕಾಶಿಯಲ್ಲಿ ತಂದೆ ಹರಿಹರ ತೀರಿಕೊಂಡ. ಉಳಿದವಳು ತಾಯಿ ಸರ್ವಜಯಾ. ದೊಡ್ಡ ಮನೆಯೊಂದರಲ್ಲಿ ಅಡುಗೆ ಮಾಡಿ ಮಗನನ್ನು ಸಾಕಿದವಳು. ಕಡೆಗೆ ಅವಳು ಮನಸಾಪೋತಾ ಎಂಬ ಹಳ್ಳಿಯಲ್ಲಿ ಒಂಟಿ, ಮಗ ಕಲಕತ್ತೆಯಲ್ಲಿ ಅರೆಹೊಟ್ಟೆ ಉಂಡು ಓದುತ್ತಿದ್ದಾನೆ. ಒಂದು ದಿನ ಗಾಣಿಗರ ಮನೆಯವರು ಕಳಿಸಿದ ತಂತಿ ಬರುತ್ತದೆ, ತಾಯಿ ಹೋದಳು ಅಂತ.

ಇಲ್ಲಿ ವಿಭೂತಿಭೂಷಣರು ಬರೆದದ್ದು ಕೆಲವೇ ಸಾಲು. ತಂತಿ ಓದಿದ ಆ ಕ್ಷಣ ಅಪುವಿಗೆ ಮೊದಲು ಆದದ್ದು ದುಃಖವಲ್ಲ, ಒಂದು ಬಗೆಯ ಸಂತೋಷ, ಕಟ್ಟು ಬಿಚ್ಚಿದ ಹಗುರ. ಅದು ಅವನಿಗೇ ಗೊತ್ತಾಗದಷ್ಟು ಬೇಗ ಬಂದು ಹೋಗುತ್ತದೆ. ಮರುಗಳಿಗೆ ತನ್ನ ಮನಸ್ಸನ್ನು ಕಂಡು ತಾನೇ ಹೆದರುತ್ತಾನೆ. ಲೇಖಕರು ಅವನನ್ನು ಬಯ್ಯೋದಿಲ್ಲ, ವಕಾಲತ್ತೂ ವಹಿಸೋದಿಲ್ಲ. ಆದದ್ದನ್ನು ಆದ ಹಾಗೆ ದಾಖಲೆ ಮಾಡುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ನೋಡಿದ ನನಗೆ ಇಂಥ ನಮೂದಿನ ಬೆಲೆ ಗೊತ್ತು. ತಾಳೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಪುಸ್ತಕ ಮುಚ್ಚುವವರೇ ಹೆಚ್ಚು.

ನಮ್ಮಲ್ಲಿ ಇದು ಇರಲಿಲ್ಲವೇ? ಕೊಂಕಣ ರೈಲು ಬರುವ ಮುಂಚೆ, ಎಂಬತ್ತರ ದಶಕದಲ್ಲಿ, ನಾವು ನಾಲ್ಕು ಜನ ಮಾಟುಂಗದ ಒಂದು ಕೋಣೆಯಲ್ಲಿದ್ದೆವು. ಒಬ್ಬನಿಗೆ ಹದಿನೆಂಟು, ಹಗಲು ಹೋಟೆಲಿನ ಗಲ್ಲಾ, ಸಂಜೆ ನೈಟ್ ಸ್ಕೂಲು. ಅವನ ಅಪ್ಪ ಹೋದ ತಂತಿ ಬಂತು. ಬಸ್ಸು ಹಿಡಿದರೂ ಮುಖ ನೋಡಲು ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಟ್ರಂಕಿಗೆ ಬಟ್ಟೆ ತುಂಬುತ್ತಾ ಅವನು ಮೆಲ್ಲಗೆ ಅಂದ: “ಇನ್ನು ಗದ್ದೆ ನೋಡ್ಕೊಳ್ಳಲಿಕ್ಕೆ ಬಾ ಅಂತ ಯಾರೂ ಬರೆಯೋದಿಲ್ಲ ಮಾರಾಯ.” ಹೇಳಿದವನೇ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ನಾವು ಆ ಮಾತು ಕೇಳಿಸಲೇ ಇಲ್ಲ ಅನ್ನುವ ಹಾಗೆ ಇದ್ದೆವು. ನಮ್ಮ ಸಂಘದ ಸ್ಮರಣ ಸಂಚಿಕೆಗಳಲ್ಲಿ ತಾಯ್ನಾಡು, ತಾಯಿ, ಕಣ್ಣೀರು ಎಷ್ಟು ಬೇಕಾದರೂ ಸಿಗುತ್ತವೆ. ಆ ಹುಡುಗನ ಮಾತು ಮಾತ್ರ ನನಗೆ ಎಲ್ಲೂ ಸಿಗಲಿಲ್ಲ.

ಸತ್ಯಜಿತ್ ರಾಯ್ ಅವರು 1956ರ ಸಿನಿಮಾಕ್ಕೆ ಕೈಹಾಕಲು ಈ ಸಾಲುಗಳೇ ದೊಡ್ಡ ಸೆಳೆತ. ಆದರೆ ತೆರೆಯ ಮೇಲೆ ಆ ಹಗುರ ಕಾಣುವುದಿಲ್ಲ. ಅಪು ಮರದ ಬುಡದಲ್ಲಿ ಕೂತು ಬಿಕ್ಕುತ್ತಾನೆ, ಆಮೇಲೆ ಗಂಟು ಕಟ್ಟಿಕೊಂಡು ಕಲಕತ್ತೆಗೆ ಹೊರಡುತ್ತಾನೆ. ಹಾಗಿದ್ದೂ ಚಿತ್ರ ಕಲಕತ್ತೆಯಲ್ಲಿ ಓಡಲಿಲ್ಲ, 1957ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂತು. ಮಗ ತಾಯಿಯಿಂದ ಸರಿದು ಹೋಗುವುದೇ ನೋಡುಗರಿಗೆ ಕಹಿಯಾಗಿತ್ತು. ಆ ತಂತಿಯ ವಿಷಯದಲ್ಲಿ ಸಿನಿಮಾಕ್ಕಿಂತ ಕಾದಂಬರಿಯ ಎದೆಗಾರಿಕೆ ಹೆಚ್ಚು.

ಕಾದಂಬರಿಯಲ್ಲಿ ಕೊರತೆ ಇಲ್ಲವೆಂದಲ್ಲ. ದ್ವಿತೀಯಾರ್ಧ ಉದ್ದವಾಯಿತು, ಲೀಲಾಳ ಕಥೆ ಎಳೆದ ಹಾಗಿದೆ. ಹೆಂಡತಿ ಅಪರ್ಣಾ ಹೆರಿಗೆಯಲ್ಲಿ ಸತ್ತ ಮೇಲೆ ಅಪು ವರ್ಷಗಟ್ಟಲೆ ಅಲೆಯುತ್ತಾನೆ. ಕೊನೆಗೆ ತಾಯಿಯಿಲ್ಲದ ಮಗ ಕಾಜಲ್‌ನನ್ನು ನಿಶ್ಚಿಂದಿಪುರಕ್ಕೆ ಕರೆತಂದು, ತನ್ನ ಬಾಲ್ಯದ ರಾಣು ಅಕ್ಕನ ಕೈಗೆ ಒಪ್ಪಿಸಿ, ಸಮುದ್ರದಾಚೆ ಹೊರಟುಬಿಡುತ್ತಾನೆ. ಲೇಖಕರಿಗೆ ಇದು ಗೆಲುವು, ಪುಸ್ತಕದ ಹೆಸರೇ ಸೋಲದವನು ಅಂತ. ಊರು ಹುಡುಗನಿಗೆ ಸಿಕ್ಕಿತು, ನಿಜ. ಆದರೆ ಆ ವಯಸ್ಸಿನ ಹುಡುಗನಿಗೆ ಬೇಕಿದ್ದದ್ದು ಊರೋ ಅಪ್ಪನೋ? ಎರಡು ಸಲ ಓದಿದರೂ ಈ ಜಾಗದಲ್ಲಿ ನಾನು ಲೇಖಕರ ಜೊತೆ ಹೋಗಲಾರೆ.